ಗಂಟಿಲ್ಲದ ದಾರ

"ಬಿಚ್ಚ್ಯಾರ! ಬಿಚ್ಚಿ ಮತ್ತ ಹೊಲದಾರ! ನಿಮಗೇನ ಕಣ್ಣ ಅದಾವೋ ಇಲ್ಲೋ?"

"ಸಾವಕಾಶ ಮಾತಾಡೋ ಹೊಳಬಸಪ್ಪ. ರಸ್ತಾದಾಗ ಮಂದಿ ನಿಂತ ನೋಡಾಕತ್ತಾರ," ಎಂದ ಮುತ್ತಪ್ಪ.

"ನೋಡ್ಲಿ! ಪ್ರತಿ ಅಮಾಸಿಗೂ ಇವ ಹೇಳಿದ್ದ ಖರೆ ಹೆಂಗ ಆಗತೈತಿ? ನಾವೇನ ಮಣ್ಣ ತಿನ್ನತೇವೇನ? ಈಗ ಗೊತ್ತಾತು. ಸೂಜಿ ಹಿಡಿಯೋ ಕೈಗೆ ಬಿಚ್ಚೋದು, ಹೊಲಿಯೋದು ಎಷ್ಟರ ಕೆಲಸ! ಲೇ ಅಹ್ಮದ, ನಿನ್ನ ಕೇಳಾಕತ್ತೇನಿ. ಕಡೀ ಹಾಳಿ ಯಾವಾಗ ಓದಿದಿ? ಬೊಗಳು!"

ಮುತ್ತಪ್ಪನ ಸೈಕಲ್ ಅಂಗಡಿಯ ನಡುವೆ ಪುಸ್ತಕವೊಂದನ್ನು ಎತ್ತಿ ಹಿಡಿದು ಕೂಗುತ್ತಿದ್ದವನು ನೇಕಾರ ಹೊಳಬಸಪ್ಪ. ಗಾಳಿ ಹಾಕುವ ಪಂಪನ್ನು ಹಿಡಿದುಕೊಂಡಿದ್ದ ಮುತ್ತಪ್ಪ ಅದನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. ಹುನಗುಂದದ ಕೋರ್ಟಿನಲ್ಲಿ ಜವಾನನಾಗಿದ್ದ ಅಮಾತೆಪ್ಪ, ರಜೆಯ ದಿನವೂ ಮೈಮೇಲಿಂದ ತೆಗೆಯದ ಖಾಕಿ ಕೋಟಿನ ಗುಂಡಿ ಹಾಕಿಕೊಂಡ, ನ್ಯಾಯಾಧೀಶರು ಒಳಗೆ ಬರುವಾಗ ಮಾಡುವಂತೆ. ಟೇಲರ್ ಅಹ್ಮದಸಾಬ ಮಾತ್ರ ಹರಕು ಟ್ಯೂಬುಗಳ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಮೊದಲಿನ ಹಾಗೆಯೇ ಕೂತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹೊಳಬಸಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. ಅಹ್ಮದಸಾಬ ಅವನ ಮುಖವನ್ನು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಪುಸ್ತಕ ಹಿಡಿದ ಎಡಗೈ, ದಾರ ಹಿಡಿದ ಬಲಗೈ. ಹೊಳಬಸಪ್ಪ ಬಲಗೈಯನ್ನು ಧೋತರಕ್ಕೆ ಒರೆಸಿಕೊಂಡ. ಇಷ್ಟು ವರ್ಷ ಇಳಕಲ್‌ನ ಆ ಓಣಿಯಲ್ಲಿ ಈ ಮನುಷ್ಯನನ್ನು ಅವನು "ಬರ್ರಿ ಸಾಬ್ರ, ಕೂಡ್ರಿ" ಎಂದೇ ಮಾತಾಡಿಸಿದ್ದ. ಜಗಳವಾಡುವಾಗಲೂ 'ರಿ' ಬಿಟ್ಟಿರಲಿಲ್ಲ. ಇವತ್ತು ಒಂದೇ ಉಸಿರಿನಲ್ಲಿ 'ಸಾಬ' ಹೋಯಿತು, 'ರಿ' ಹೋಯಿತು, 'ಲೇ' ಬಂದು ಕೂತಿತು. ಬಂದದ್ದನ್ನು ಮತ್ತೆ ಬಾಯೊಳಗೆ ಹಾಕಿಕೊಳ್ಳುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಅದಕ್ಕಾಗಿ ಇನ್ನೂ ಗಟ್ಟಿಯಾಗಿ ಕೂಗಿದ.

"ನಾ ಓದಿಲ್ರಿ," ಎಂದ ಅಹ್ಮದಸಾಬ.

"ಮತ್ತ ಯಾರ ಓದ್ಯಾರ? ನನ್ನ ಕೈಯಿಂದ ನಿನ್ನ ಕೈಗೆ ಬಂತು, ನಿನ್ನ ಕೈಯಿಂದ ಇಲ್ಲಿಗೆ ಬಂತು!"

"ಸಾಕ್ಷಿ ಬೇಕಪಾ," ಎಂದು ಅಮಾತೆಪ್ಪ ನಡುವೆ ಬಾಯಿ ಹಾಕಿದ. "ಕೋರ್ಟಿನ್ಯಾಗ ಹಿಂಗ ಒದರಿದ್ರ ಸಾಹೇಬ್ರು ಮೊದಲ ನಿನ್ನ ಹೊರಗ ಹಾಕಸ್ತಾರ."

ಅವರ ಓದಿಗೆ ಒಂದು ಕಟ್ಟಳೆ ಇತ್ತು. ಮುತ್ತಪ್ಪ ಸೈಕಲ್ಲಿನ ಸಾಮಾನು ತರಲು ಬಾಗಲಕೋಟೆಗೆ ಹೋದಾಗ ಬಸ್‌ಸ್ಟ್ಯಾಂಡಿನಿಂದ ಒಂದು ಪತ್ತೇದಾರಿ ಕಾದಂಬರಿ ತರುತ್ತಿದ್ದ. ತಂದ ದಿನವೇ ಅದರ ಕೊನೆಯ ಪ್ರಕರಣದ ಹಾಳೆಗಳನ್ನು ಒಟ್ಟಾಗಿ ಹಿಡಿದು ಅಂಚಿನಗುಂಟ ಕೆಂಪು ರೇಷ್ಮೆ ಎಳೆಯಿಂದ ಹೊಲಿದು ಮುಚ್ಚುತ್ತಿದ್ದ. ಎಳೆ ಹೊಳಬಸಪ್ಪನ ಮಗ್ಗದ್ದು. ಆಮೇಲೆ ಪುಸ್ತಕ ಮೊದಲು ಅಮಾತೆಪ್ಪನ ಮನೆಗೆ, ಅಲ್ಲಿಂದ ಹೊಳಬಸಪ್ಪನ ಮನೆಗೆ, ಅಲ್ಲಿಂದ ಅಹ್ಮದಸಾಬನ ಮನೆಗೆ. ಅಮಾವಾಸ್ಯೆಯ ದಿನ ಮಗ್ಗಗಳಿಗೆ ಬಿಡುವು. ಅವತ್ತು ಮಧ್ಯಾಹ್ನ ಎಲ್ಲರೂ ಮುತ್ತಪ್ಪನಲ್ಲಿ ಕೂಡಬೇಕು, ಕೊಂದವರು ಯಾರೆಂದು ಒಬ್ಬೊಬ್ಬರೂ ಕಾರಣ ಕೊಟ್ಟು ಹೇಳಬೇಕು, ಬೇಕಾದಷ್ಟು ಜಗಳ ಕಾಯಬೇಕು. ಎಲ್ಲ ಮುಗಿದ ಮೇಲೆ ಹೋದ ಸಲ ಸೋತವನು ದಾರ ಕತ್ತರಿಸುವುದು, ಅಮಾತೆಪ್ಪ ಕೋರ್ಟಿನ ಕೂಗಿನಲ್ಲಿ ಕೊನೆಯ ಪ್ರಕರಣ ಓದುವುದು, ಗೆದ್ದವನ ಮುಂದೆ ಮಿರ್ಚಿ ಭಜಿಯ ಮೊದಲ ತಟ್ಟೆ ಇಡುವುದು. ದಾರ ಕತ್ತರಿಸುವ ಕೆಲಸ ಬಹಳ ದಿನದಿಂದ ಹೊಳಬಸಪ್ಪನ ಪಾಲಿಗೇ ಉಳಿದಿತ್ತು. ಭಜಿಯ ತಟ್ಟೆ ಅಹ್ಮದಸಾಬನ ಪಾಲಿಗೆ. ಹೆಂಗ್ರಿ ಎಂದು ಕೇಳಿದರೆ ಅವನು ನಕ್ಕು ಹೇಳುತ್ತಿದ್ದ: "ಬರಿಯೋ ಮನಷ್ಯಾ ಯಾರ ಕೋಟು, ಟೊಪಗಿ, ಗುಂಡಿ ಎಲ್ಲಾ ಎಣಿಸಿ ಹೇಳತಾನ, ಅವ ಖೂನಿ ಮಾಡಿರಂಗಿಲ್ರಿ. ಯಾರಿಗೆ ಒಂದ ಅಂಗೀನೂ ತೊಡಸಿರಂಗಿಲ್ಲ, ಅವನ್ನ ಹಿಡೀರಿ. ಅವನ ಮ್ಯಾಲ ನಮ್ಮ ಕಣ್ಣ ನಿಂದರಬಾರದಲ್ರಿ, ಅದಕ್ಕ." ಎಲ್ಲರೂ ನಗುತ್ತಿದ್ದರು. ಹೊಳಬಸಪ್ಪನೂ ನಗುತ್ತಿದ್ದ, ಆದರೆ ಆ ನಗು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾಹುಕಾರನ ಗದ್ದಿಗೆಯ ಮುಂದೆ ಸೀರೆ ಹಿಡಿದು ನಿಂತಾಗ ಅವನು ಬರೀ ಎರಡು ಕೈ, ಎರಡು ಕಾಲು. ಅವತ್ತು ಮುಂಜಾನೆಯೂ ಸಾಹುಕಾರ ಸೀರೆಯನ್ನು ಬೆಳಕಿಗೆ ಹಿಡಿದು, ದಡಿಯಲ್ಲಿ ಏನೋ ಕಂಡು, ಮಾತಾಡದೆ ಅದನ್ನು ಅವನ ಕಾಲ ಹತ್ತಿರ ಒಗೆದಿದ್ದ. ಇವನು ಬಗ್ಗಿ ಎತ್ತಿಕೊಂಡಿದ್ದ. ತನಗೂ ಒಂದು ತಲೆಯಿದೆ, ಅದರಲ್ಲಿ ಲೆಕ್ಕ ನಡೆಯುತ್ತದೆ ಎಂದು ಯಾರಾದರೂ ಒಪ್ಪಿಕೊಳ್ಳುವ ಜಾಗ ಇಳಕಲ್‌ನಲ್ಲಿ ಇದೊಂದೇ, ಈ ಗ್ರೀಸಿನ ವಾಸನೆಯ ಅಂಗಡಿ. ಇಲ್ಲಿಯೂ ಅವನು ಸೋಲುತ್ತಿದ್ದ.

"ಇವತ್ತ ಓದೋದು ಬ್ಯಾಡ," ಎಂದು ಮುತ್ತಪ್ಪ ಅವನ ಕೈಯಿಂದ ಪುಸ್ತಕ ಕಿತ್ತುಕೊಂಡು ಟೈರುಗಳ ಹಿಂದೆ ಇಟ್ಟ. ಭಜಿ ಯಾರೂ ತಿನ್ನಲಿಲ್ಲ.

ಹೊಳಬಸಪ್ಪ ಮನೆಯ ದಾರಿ ಹಿಡಿದ. ಉಳಿದ ದಿನಗಳಲ್ಲಿ ಆ ಓಣಿಯ ಗೋಡೆಗಳೊಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು, ನಡೆಯುವವನ ಹೆಜ್ಜೆಗೆ ಅದೇ ತಾಳ ಹಾಕುತ್ತಿತ್ತು. ಅಮಾವಾಸ್ಯೆಯ ದಿನ ತನ್ನ ಚಪ್ಪಲಿಯ ಸದ್ದು ತನಗೇ ಕೇಳುತ್ತದೆ. ಬಾಗಿಲಲ್ಲಿ ಕೂತವರು ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಅಂಗಡಿಯ ಕೂಗಾಟ ಇಲ್ಲಿಯವರೆಗೆ ಬಂದಿರಲಾರದು, ಆದರೂ ಕೇಳಿಸಿರಬೇಕು ಅನ್ನಿಸಿತು. ಅವನು ಹೆಬ್ಬೆರಳಿನಿಂದ ತೋರುಬೆರಳನ್ನು ತಿಕ್ಕುತ್ತ ನಡೆದ. ಆ ಬೆರಳಿಗೆ ಇನ್ನೂ ನೆನಪಿತ್ತು. ದಾರ ಕತ್ತರಿಸುವ ಮೊದಲು ಅದನ್ನು ಎಳೆದು ನೋಡುವುದು ನೇಕಾರನ ಚಾಳಿ. ಎಳೆಯುವಾಗ ನಡುವೆ ಒಂದು ಕಡೆ ಎಳೆ ಕೂದಲಷ್ಟು ದಪ್ಪವಾಗಿತ್ತು. ಕತ್ತರಿಸಿ ಮತ್ತೆ ಕೂಡಿಸಿದ ಜಾಗ. ಅಷ್ಟಕ್ಕೇ ಅವನು ಕೂಗಿದ್ದ, ಬಿಚ್ಚ್ಯಾರ ಎಂದು. ಆ ಕೂಗಿನಲ್ಲಿ ಮೋಸವಿರಲಿಲ್ಲ, ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲ. ಆದರೆ ಆ ಜಾಗದಲ್ಲಿ ಗಂಟು ಇರಲಿಲ್ಲ. ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು, ಬೂದಿ ಹಚ್ಚಿ, ಎರಡು ಬೆರಳ ನಡುವೆ ಹೊಸೆದು ಒಂದು ಮಾಡಿದ ಕೂಡಿಕೆ. ಟೇಲರು ಗಂಟು ಹಾಕುತ್ತಾನೆ. ಗಂಟು ಹಾಕದೆ ಟೇಲರಿಗೆ ದಾರವೇ ಮುಂದೆ ಹೋಗುವುದಿಲ್ಲ. ಗಂಟಿಲ್ಲದೆ ಎಳೆ ಕೂಡಿಸುವವರು ನೇಕಾರರ ಮನೆಯ ಹೆಂಗಸರು: ಮಗ್ಗದ ಮೇಲೆ ಹಳೆಯ ಹಾಸು, ಅಂದರೆ ಉದ್ದೆಳೆಗಳು, ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಬೆರಳಿನಿಂದ ಹೊಸೆದು ಕೆಚ್ಚುತ್ತ ಕೂತಿರುತ್ತಾರೆ, ಸೊಂಟ ಹಿಡಿದು ಹೋಗುವ ತನಕ. ಆ ನಾಲ್ವರ ಮನೆಗಳಲ್ಲಿ ಮಗ್ಗವಿದ್ದ ಮನೆ ಒಂದೇ.

ಅದು ಯಾವಾಗ ತಿಳಿಯಿತು ತನಗೆ? ಈಗ, ಈ ಬೇವಿನ ಮರ ದಾಟುವಾಗಲೆ? ಅಥವಾ ಅಲ್ಲಿಯೇ, ಬೆರಳಿಗೆ ಬೂದಿ ಹತ್ತಿದ ಗಳಿಗೆಗೆ? ಮೊದಲು ಬೂದಿ ಕಂಡಿತೋ, ಮೊದಲು 'ಲೇ ಅಹ್ಮದ' ಎಂದಿತೋ ಬಾಯಿ? ಅವನು ಅದನ್ನು ಹಿಂದೆ ಮುಂದೆ ಮಾಡಿ ನೋಡಿದ, ಕಾದಂಬರಿಯ ಹಾಳೆ ತಿರುವಿದಂತೆ. ಬಾಯಿ ಮೊದಲು. ಹೌದು, ಬಾಯಿ ಮೊದಲು. ತನ್ನದು ಸಿಟ್ಟಿನ ಬಾಯಿ, ಊರಿಗೇ ಗೊತ್ತು. ಗುಡೂರಿನ ಸಾಲೆಯಲ್ಲಿ ಕಲಿಯುವಾಗಲೂ ಮಾಸ್ತರರು ಹೇಳುತ್ತಿದ್ದರು, ಈ ಹುಡುಗ ಮೊದಲು ಒದರುತ್ತದೆ, ಆಮೇಲೆ ಲೆಕ್ಕ ಮಾಡುತ್ತದೆ ಎಂದು. ಹಾಗಾದರೆ ಧೋತರಕ್ಕೆ ಕೈ ಒರೆಸಿಕೊಂಡದ್ದು ಏಕೆ?

ಹಿಂದಿನದೊಂದು ದಿನ ನೆನಪಿಗೆ ಬಂತು. ಬಾದಾಮಿಯ ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲು ಕಣ್ಣಿಗೆ ಕುಕ್ಕುತ್ತಿತ್ತು. ಕೆಂಪು ಗುಡ್ಡದ ಕಾವು ಸ್ಟ್ಯಾಂಡಿಗೇ ಇಳಿದು ಬಂದಂತಿತ್ತು. ಅವನ ಅಕ್ಕನ ಮಗಳ ಮದುವೆ ಮುಗಿಸಿ ಹೊರಟಿದ್ದರು. ಹೆಂಡತಿ ಶಿವಬಸವ್ವ ಬುತ್ತಿಗಂಟು ಹಿಡಿದು ನಿಂತವಳು, ಮದುವೆಯಾಗಿ ಎಷ್ಟೋ ವರ್ಷವಾದರೂ ಗಂಡನ ಮುಂದೆ ಗಟ್ಟಿಯಾಗಿ ಮಾತಾಡದವಳು, ಮೆಲ್ಲಗೆ ಹೇಳಿದ್ದಳು: "ಇದು ಬಾಗಲಕೋಟಿಗಿ ಹೋಗೂದರೀ. ನಮ್ಮದಲ್ಲ." ಅವನು ಬೋರ್ಡಿನ ಕಡೆ ನೋಡಿರಲಿಲ್ಲ. ಯಾರೋ ಹುನಗುಂದ ಎಂದದ್ದು ಕೇಳಿದ್ದ. "ನಿನಗೇನ ತಿಳೀತೈತಿ? ಹತ್ತು ಮೊದಲ!" ಎಂದು ಹತ್ತಿಸಿದ್ದ. ಇಳಿದದ್ದು ಬಾಗಲಕೋಟೆಯಲ್ಲಿ. ಅವಳು ಒಂದು ಮಾತೂ ಆಡಲಿಲ್ಲ, ಅದೇ ಅವನನ್ನು ಸುಟ್ಟಿತ್ತು. ಇಳಕಲ್ ಬಸ್ಸಿಗೆ ಸಂಜೆಯ ತನಕ ಕಾಯಬೇಕಿತ್ತು. ಮುಖ ಮರೆಸಲು ಸ್ಟ್ಯಾಂಡಿನ ಅಂಗಡಿಯಲ್ಲಿ ತೂಗುಹಾಕಿದ್ದ ಒಂದು ಪುಸ್ತಕ ಕೊಂಡ. ಮುಖಪುಟದ ಮೇಲೆ ಒಂದು ಚೂರಿ, ಒಂದು ಕೈಗವಸು. ಅದೇ ಅವನ ಮೊದಲ ಪತ್ತೇದಾರಿ ಪುಸ್ತಕ. ಗೆಳೆಯರ ಮುಂದೆ, ನೂಲಿನ ವ್ಯವಹಾರಕ್ಕೆ ಹೋದಾಗ ಕೊಂಡೆ ಎಂದೇ ಹೇಳಿಕೊಂಡು ಬಂದಿದ್ದ. ಆ ಬೆಂಚಿನ ಮೇಲೆ ಅವನು ಹಾಳೆ ತಿರುವುವಾಗ ಒಮ್ಮೊಮ್ಮೆ ಪಕ್ಕದಲ್ಲಿ ಅವಳ ಉಸಿರು ತಡೆಯುತ್ತಿತ್ತು. ಸೆಕೆಗೆ ಇರಬೇಕು ಅಂದುಕೊಂಡಿದ್ದ. ಬೋರ್ಡು ಓದಿದವಳು ಪುಸ್ತಕವನ್ನೂ ಓದಬಲ್ಲಳು. ಇಷ್ಟು ಸಣ್ಣ ಸಂಗತಿ. ಎಂಥ ಎಂಥ ಖೂನಿಗಾರರನ್ನು ಹುಡುಕಿಕೊಂಡು ಹೋದವನ ಕಣ್ಣಿಗೆ ಇದು ಬೀಳಲಿಲ್ಲ.

ಶಿವಬಸವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರದ ತುಂಬ ಜೋಳ, ಮೊರ ಕುಣಿಸುವ ಸದ್ದು. ಅವನು ಹೊಸ್ತಿಲಲ್ಲಿ ನಿಂತ.

"ಪುಸ್ತಕದ ದಾರ ಬಿಚ್ಚಿದಿಯೇನ ನೀ?"

ಮೊರ ನಿಂತಿತು. ಅವಳು ಸುಳ್ಳು ಹೇಳಲಿ ಎಂದು ಅವನು ಕಾದ. ಸುಳ್ಳು ಹೇಳಿದರೆ ಬೈಯಬಹುದು, ಬೈದರೆ ಅರ್ಧ ಭಾರ ಇಳಿಯುತ್ತದೆ.

"ಹೂನ್ರಿ, ಬಿಚ್ಚಿದ್ದೆ."

"ಓದಾಕ ಎಲ್ಲಿ ಕಲತಿ?"

"ಸಾಲಿಗಿ ಹೋಗಿದ್ದೆಲ್ರಿ, ದೊಡ್ಡಾಕಿ ಆಗೂತನಕ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ."

"ಯಾವಾಗಿಂದ ನಡದೈತಿ ಇದು?"

"ಬಾಗಲಕೋಟಿ ಸ್ಟ್ಯಾಂಡಿನ್ಯಾಗ ನೀವು ಮೊದಲನೇದು ಕೊಂಡ್ರಲ್ಲ, ಅವಾಗಿಂದ."

ಅವನು ಒಂದು ಹೆಜ್ಜೆ ಮುಂದೆ ಬಂದ. "ಓದೂದು ಓದಿದಿ, ಕಡೀದನ್ನ ಯಾಕ ಬಿಚ್ಚಿದಿ? ಅದಕ್ಕೊಂದ ಪದ್ಧತಿ ಐತಿ. ಅಮಾಸಿ ದಿವಸ ಎಲ್ಲಾರೂ ಕೂತ..."

"ನೀವು ನಾಕ ಮಂದಿ ಕೂತ ಬಿಚ್ಚತೀರಿ. ನಾ ಎಲ್ಲಿ ಕೂಡ್ಲಿ?"

"ಮನಿಗಿ ಬಂದ ಮ್ಯಾಲ ನನ್ನ ಕೇಳಬೇಕಿತ್ತು."

"ಕೇಳಿದ್ದೆ ಒಮ್ಮಿ. ಕೊಂದಾಕಿ ಅತ್ತೇನೋ, ಸೊಸೀನೋ ಅಂತ ಕೇಳಿದೆ. ಒಲೀ ಮ್ಯಾಲಿನ ಪಲ್ಯಾ ಹೊತ್ತೂದ ನೋಡ ಅಂದ್ರಿ."

ಅವನಿಗೆ ಅದು ನೆನಪಿರಲಿಲ್ಲ. ಆದರೆ ಅದು ತನ್ನದೇ ಮಾತು ಎಂಬುದರಲ್ಲಿ ಸಂಶಯವೂ ಇರಲಿಲ್ಲ. ಆ ಮಾತಿಗೆ ತನ್ನ ಬಾಯಿಯ ವಾಸನೆ ಇತ್ತು. "ಗುಲಾಬಬಿಗಿ ಹೇಳೀ ಏನ?" ಎಂದ. ಗುಲಾಬಬಿ ಅಹ್ಮದಸಾಬನ ಹೆಂಡತಿ, ನಳದ ಹತ್ತಿರ ಇಬ್ಬರೂ ಕೊಡ ಇಟ್ಟು ಮಾತಾಡುವುದನ್ನು ಅವನು ಕಂಡಿದ್ದ. ಹೌದು ಎನ್ನಲಿ. ಹೌದೆಂದರೆ ಅಹ್ಮದಸಾಬನಿಗೆ ಹೆಂಡತಿಯಿಂದ ತಿಳಿದಿರಬೇಕು, ಹಾಗಾದರೆ ತಾನು ಕೂಗಿದ್ದು ಪೂರಾ ಸುಳ್ಳಾಗುವುದಿಲ್ಲ.

"ಅಕಿಗೂ ಕಥಿ ಹೇಳ್ತೇನಿ. ಕಡೀದ ಹೇಳಂಗಿಲ್ಲ. ಹೇಳಿದ್ರ ಅದರಾಗ ಏನ ಉಳೀತೈತಿ?"

ಅವನು ಕಂಬಕ್ಕೆ ಒರಗಿದ. ಆಮೇಲೆ ಅವನ ಬಾಯಿಂದ ಬಂದ ಪ್ರಶ್ನೆ ಅವನಿಗೇ ಹೇಸಿಗೆ ತಂದಿತು, ಆದರೂ ತಡೆಯಲಾಗಲಿಲ್ಲ.

"ಈ ಸಲದ್ದರಾಗ... ಕೊಂದವರ ಯಾರ?"

"ಆ ವಿಧವಾ ನಾದಿನಿ," ಎಂದಳು ಶಿವಬಸವ್ವ, ಮತ್ತೆ ಮೊರ ಎತ್ತಿಕೊಳ್ಳುತ್ತ. ಅವಳ ಕಣ್ಣಿನಲ್ಲಿ ಒಂದು ಕ್ಷಣ ಏನೋ ಹೊಳೆಯಿತು, ಮಾತಾಡಲು ಒಬ್ಬರು ಸಿಕ್ಕರೆ ಹೊಳೆಯುವಂಥದು. "ನನಗ ಮೊದಲಿಂದ ಅಕಿ ಮ್ಯಾಲ ಸಂಶೇ ಇತ್ತು. ಯಾಕ್ರಿ? ಏನಾತು?"

ಏನೂ ಇಲ್ಲ ಎಂದು ಅವನು ಒಳಗೆ ಹೋದ. ಅಹ್ಮದಸಾಬ ಆ ಮಧ್ಯಾಹ್ನ ಹೇಳಿದ್ದೂ ನಾದಿನಿಯ ಹೆಸರನ್ನೇ. ಮನುಷ್ಯ ಕೂತಲ್ಲಿ ಕೂತು, ಅಂಗಿಯ ಗುಂಡಿ ನೋಡಿ ಹೇಳಿದ್ದ.

ಮರುದಿನ ಅವಳು ನಳದಿಂದ ಬರೀ ಕೊಡ ಹಿಡಿದುಕೊಂಡು ಬಂದಳು. ಗುಲಾಬಬಿ ಇವಳನ್ನು ಕಂಡು ತನ್ನ ಕೊಡವನ್ನು ಆಚೆ ಸರಿಸಿಕೊಂಡಳಂತೆ. ಏನಾಯಿತು ತಂಗಿ ಎಂದು ಕೇಳಿದ್ದಕ್ಕೆ, ನಿಮ್ಮ ಮನಿಯವರನ್ನ ಕೇಳ್ರಿ ಎಂದಳಂತೆ. ಓಣಿಯ ಉಳಿದ ಹೆಂಗಸರು ಉಳಿದದ್ದನ್ನು ಹೇಳಿದ್ದರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಹೊಳಬಸಪ್ಪ ಲಾಳಿ ಒಗೆಯುವುದನ್ನು ನಿಲ್ಲಿಸಲಿಲ್ಲ. ಸದ್ದು ಇದ್ದಷ್ಟು ಹೊತ್ತು ಅವಳು ಹೇಳಿದ್ದು ಕೇಳಿಸಲಿಲ್ಲ ಎನ್ನಬಹುದು. ಅವಳು ಬಂದು ಮಗ್ಗದ ಹಲಗೆಯನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. ಈ ಮನೆಗೆ ಬಂದ ಮೇಲೆ ಹಾಗೆ ಮಾಡಿದ್ದು ಅದೇ ಮೊದಲು.

"ನಾ ಹೋಗಿ ಹೇಳಿ ಬರ್ತೇನಿ. ಬಿಚ್ಚಿದಾಕಿ ನಾನ, ನಾನ ಹೇಳ್ತೇನಿ."

"ಕಾಲ ಹೊರಗಿಟ್ಟಿದ್ರ ನೋಡ! ಊರ ಮಂದಿ ಮುಂದ ನನ್ನ ಮಾರಿ ಏನಾಗಬೇಕು? ಹೆಣ್ತಿ ಕಳ್ಳತನದಾಗ ಓದಿದ್ಲು, ಗಂಡ ಬ್ಯಾರೇದವ್ರನ್ನ ಹಿಡದ ಅಂತ ನಗಬೇಕೇನ ಎಲ್ಲಾರೂ?"

"ಹಂಗಾರ ನೀವ ಹೇಳ್ರಿ."

"ಹೇಳ್ತೇನಿ. ಅಮಾಸಿ ದಿವಸ ಎಲ್ಲಾರ ಮುಂದ ಹೇಳ್ತೇನಿ. ಈಗ ಕೈ ತಗಿ."

ಅವಳು ಕೈ ತೆಗೆದಳು. ಮುಂದೆ ಆ ಮಾತು ಎತ್ತಲಿಲ್ಲ. ಅವಳು ಎತ್ತಲಿ ಎಂದು ಅವನು ಕಾಯುತ್ತಿದ್ದ, ಎತ್ತಿದರೆ ಸಿಡಿಯಬಹುದೆಂದು. ರೊಟ್ಟಿ ಬಡಿಯುವ ಸದ್ದು ಮಾತ್ರ ಬರುತ್ತಿತ್ತು. ಅಮಾವಾಸ್ಯೆಯ ತನಕ ಏಕೆ ಕಾಯಬೇಕು, ಇವತ್ತೇ ಹೋಗಿ ಅವನೊಬ್ಬನಿಗೇ ಹೇಳಿಬಿಡೋಣ ಎಂದು ಒಂದು ಸಂಜೆ ಎದ್ದ. ಬರಿಗೈಯಲ್ಲಿ ಹೋಗಲು ಕಾಲು ಬರಲಿಲ್ಲ. ಪೆಟ್ಟಿಗೆಯಲ್ಲಿದ್ದ ಅಂಗಿ ಅರಿವೆ ಹಿಡಿದು ಹೋದ. ಅಹ್ಮದಸಾಬನ ಅಂಗಡಿ ಎಂದರೆ ಒಂದು ಮಷಿನ್ನು, ಒಂದು ಕನ್ನಡಿ, ಕುತ್ತಿಗೆಗೆ ಹಾವಿನಂತೆ ಜೋತುಬಿದ್ದ ಟೇಪು. ಮೊದಲಾದರೆ ಇವನ ನೆರಳು ಬೀಳುತ್ತಲೇ "ಏನ ಹೊಳಬಸಪ್ಪಣ್ಣಾ, ಖೂನಿ ಮಾಡಿದವ ಸಿಕ್ಕನೇನ?" ಎಂದು ಮಷಿನ್ನು ನಿಲ್ಲಿಸುತ್ತಿದ್ದ. ಇವನು ಪುಸ್ತಕದ ಅರ್ಧದಲ್ಲೇ ಯಾವನನ್ನಾದರೂ ಹಿಡಿದು ಬೈಯುತ್ತಿದ್ದ, ಅಹ್ಮದಸಾಬ "ಭಾಳ ಹತ್ರ ಹೋಗೀರಿ, ಇನ್ನೊಂದೀಟ ಮುಂದ ಹೋಗ್ರಿ" ಎನ್ನುತ್ತಿದ್ದ, ಆ ಪುಸ್ತಕ ಇನ್ನೂ ತನ್ನ ಕೈಗೆ ಬಂದಿರದಿದ್ದರೂ.

"ಬರ್ರಿ ಹೊಳಬಸಪ್ಪನವರ. ಕೂಡ್ರಿ. ಏನ ಹೊಲೀಬೇಕಾಗಿತ್ರಿ?"

"ಅಂಗಿ. ಅಳತಿ ನಿಮ್ಮ ಹಂತ್ಯಾಕ ಐತೆಲ್ರಿ, ಹ್ವಾದ ಸಲದ್ದು."

"ಮತ್ತೊಮ್ಮಿ ತಗೊಳ್ತೇನ್ರಿ. ನಿಂದರ್ರಿ."

ಹೆಸರಿನ ಹಿಂದೆ 'ನವರ' ಸೇರಿತ್ತು, ಪ್ರತಿ ಮಾತಿಗೂ 'ರಿ' ಇತ್ತು. ಕಡಿಮೆಯಾದದ್ದನ್ನೆಲ್ಲ ಅವನು ಹೀಗೆ ತಿರುಗಿ ಕೊಡುತ್ತಿದ್ದಾನೆ ಅನ್ನಿಸಿತು. ಟೇಪು ಹೆಗಲ ಮೇಲೆ ಬಂತು, ತೋಳಿಗೆ ಬಂತು, ಎದೆಯ ಸುತ್ತ ಬಂತು. ಇಷ್ಟು ಹತ್ತಿರ ಆ ಮನುಷ್ಯನ ಮುಖ. ಗಡ್ಡದಲ್ಲಿ ನೂಲಿನ ಎಳೆಯೊಂದು ಸಿಕ್ಕಿತ್ತು. ಈಗ ಹೇಳಬೇಕು. ಅದು ನಮ್ಮ ಮನಿಯಾಕಿ ಕೆಲಸರೀ ಸಾಬ್ರ. ಇಷ್ಟೇ ಮಾತು. ಅವನು ಬಾಯಿ ತೆರೆದ.

"ಉಸರ ಬಿಡ್ರಿ," ಎಂದ ಅಹ್ಮದಸಾಬ. "ಹಿಡಕೊಂಡ್ರ ಅಳತಿ ತಪ್ಪತೈತಿ."

ಅವನು ಉಸಿರು ಬಿಟ್ಟ. ಅದರ ಜೊತೆಗೆ ಮಾತೂ ಹೋಯಿತು. "ಗುಂಡಿ ಬಿಳೀವು ಹಚ್ರಿ," ಎಂದ. ಆಯ್ತ್ರಿ ಎಂದ ಅಹ್ಮದಸಾಬ. ಹೊರಗೆ ಬಂದು ಗಟಾರಿನ ಪಕ್ಕ ನಿಂತು ಅವನು ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳುವಂತೆ ಒಂದು ಸೊಳ್ಳೆ ಹೊಡೆದ.

ಹೊಸ ಪುಸ್ತಕ ಬಂತು. ಮುತ್ತಪ್ಪ ಏನೂ ಆಗಿಲ್ಲವೆಂಬಂತೆ ಹಿಂದಿನ ಹಾಗೆಯೇ ಹೊಲಿದು ಕೊಟ್ಟಿದ್ದ. ಒಬ್ಬ ಶ್ರೀಮಂತ, ಬೆಟ್ಟದ ಮೇಲಿನ ಒಂದು ಬಂಗಲೆ, ಒಳಗಿನಿಂದ ಚಿಲಕ ಹಾಕಿದ ಕೋಣೆ. ಹೊಳಬಸಪ್ಪ ಅದನ್ನು ಓದಿ ಮುಗಿಸಿ, ಗೋಡೆಯ ಮಾಡದಲ್ಲಿ, ಅವಳ ಕೈಗೆ ಎಟಕುವ ಹಾಗೆ ಇಟ್ಟ. ಹೊರಗೆ ಹೋಗಿ ಬೇಕೆಂದೇ ತಡ ಮಾಡಿ ಬಂದ. ಬಂದು ದಾರವನ್ನು ಬೆರಳಿನಿಂದ ಸವರಿದ. ಮುತ್ತಪ್ಪನ ದಪ್ಪ ಗಂಟುಗಳು ಹಾಗೆಯೇ ಇದ್ದವು. ಮರುದಿನವೂ ಹಾಗೆಯೇ. ಕಸ ಹೊಡೆಯುವಾಗ ಅವಳು ಆ ಪುಸ್ತಕವನ್ನು ಎರಡು ಬೆರಳಿನಿಂದ ಎತ್ತಿ, ಮಾಡ ಒರೆಸಿ, ಮತ್ತೆ ಅಲ್ಲಿಯೇ ಇಡುವುದನ್ನು ಅವನು ಬಾಗಿಲ ಸಂದಿನಿಂದ ನೋಡಿದ, ಪತ್ತೇದಾರನ ಹಾಗೆ. ಬಿಚ್ಚಲಿ, ಓದಲಿ ಎಂದು ಮನಸ್ಸು ಒದ್ದಾಡಿತು. ಒಮ್ಮೆ ತಡೆಯಲಾರದೆ, "ಇದರಾಗಿನ ಡಾಕ್ಟರು ಭಾಳ ಒಳ್ಳೆಯವ ಅದಾನ ನೋಡ," ಎಂದ. ಅವಳು ಒಲೆ ಊದುತ್ತಿದ್ದಳು. "ಇರಬೇಕ್ರಿ," ಎಂದಳು, ತಿರುಗಿ ನೋಡದೆ. ಪುಸ್ತಕವನ್ನು ಅವನು ಅಹ್ಮದಸಾಬನಿಗೆ ಕೈಯಾರೆ ಕೊಡಲಿಲ್ಲ, ಅಮಾತೆಪ್ಪನ ಕೈಯಲ್ಲಿ ಕಳಿಸಿದ.

ಅಮಾವಾಸ್ಯೆ ಬಂತು. ಅಹ್ಮದಸಾಬ ಬರುವುದಿಲ್ಲ ಎಂದು ಹೊಳಬಸಪ್ಪ ಲೆಕ್ಕ ಹಾಕಿದ್ದ. ಬರದಿದ್ದರೆ ಹೇಳಬೇಕಾದ್ದೂ ಇಲ್ಲ. ಬಂದಿದ್ದ. ಅದೇ ಸ್ಟೂಲು, ಮಡಿಸಿದ ಅದೇ ಕೈ. ಹೊಲಿದ ಅಂಗಿಯನ್ನೂ ಕಾಗದದಲ್ಲಿ ಸುತ್ತಿ ತಂದಿದ್ದ. ಎಲ್ಲರಿಗೂ ಒಂಥರ ಸಮಾಧಾನವಾಗಿ ಮಾತು ಗಟ್ಟಿಯಾಯಿತು. ಅಮಾತೆಪ್ಪ ಸತ್ತವನ ತಮ್ಮನನ್ನು ಹಿಡಿದ: ಆಸ್ತಿ ಯಾರಿಗೆ ಹೋಗುತ್ತದೆ ನೋಡಬೇಕು, ಇಂಥ ಖಟ್ಲೆ ತಾನು ಬೇಕಾದಷ್ಟು ಕಂಡಿದ್ದೇನೆ ಎಂದ. "ನೀ ಕಂಡಿದ್ದು ಬಾಗಲಾ ತಗಿಯೋದು, ಹಾಕೋದು," ಎಂದ ಮುತ್ತಪ್ಪ, ಮತ್ತು ತನ್ನದು ಅಡುಗೆಯವಳ ಮೇಲೆ ಎಂದ. ಹೊಳಬಸಪ್ಪ ಡಾಕ್ಟರ ಎಂದ. ಕಾರಣ ಕೇಳಿದರು. ಏನೇನೋ ಹೇಳಿದ, ನಿಜವಾದ ಕಾರಣ ಹೇಳಲಿಲ್ಲ. ಪುಸ್ತಕದುದ್ದಕ್ಕೂ ಆ ಡಾಕ್ಟರಿಗೆ ಒಂದು ಕೋಟನ್ನೂ ಲೇಖಕ ತೊಡಿಸಿರಲಿಲ್ಲ. ಅದು ಅಹ್ಮದಸಾಬನ ವಿದ್ಯೆ, ಅವನ ಮುಂದೆಯೇ ಅದನ್ನು ಕದ್ದು ಕೂತಿದ್ದೇನೆ ಅನ್ನಿಸಿತು.

"ನಿಮ್ಮದ ಹೇಳ್ರಿ ಸಾಬ್ರ," ಎಂದ ಮುತ್ತಪ್ಪ.

ಅಹ್ಮದಸಾಬ ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿದ. "ನಂದ ಡ್ರೈವರ್ ಮ್ಯಾಲ್ರಿ," ಎಂದ.

ಹೊಳಬಸಪ್ಪ ತಲೆ ಎತ್ತಿದ. ಡ್ರೈವರನ ನೀಲಿ ಕೋಟು, ಹಿತ್ತಾಳೆಯ ಗುಂಡಿ, ಟೊಪ್ಪಿಗೆಯ ಅಂಚು, ಕೈಗವಸಿನ ಹರಿದ ಬೆರಳು, ಎಲ್ಲವನ್ನೂ ಲೇಖಕ ಒಂದು ಪುಟದ ತುಂಬ ಬರೆದಿದ್ದ. ಇಳಕಲ್‌ನಲ್ಲಿ ಯಾರು ಬೇಕಾದರೂ ಡ್ರೈವರನ ಹೆಸರು ಹೇಳಬಹುದಿತ್ತು, ಈ ಒಬ್ಬ ಮನುಷ್ಯನನ್ನು ಬಿಟ್ಟು. ಅಹ್ಮದಸಾಬ ಅವನ ಕಡೆ ನೋಡಲಿಲ್ಲ. ಅಮಾತೆಪ್ಪ ತೊಡೆ ತಟ್ಟಿಕೊಂಡು, ಡ್ರೈವರು ಅವತ್ತು ಊರಲ್ಲೇ ಇರಲಿಲ್ಲವಲ್ಲ ಎಂದು ವಾದ ಹೂಡಿದ. ಹೌದಲ್ರಿ, ಅದು ನನ್ನ ಲಕ್ಷ್ಯಕ್ಕ ಬರಲಿಲ್ಲ ನೋಡ್ರಿ ಎಂದ ಅಹ್ಮದಸಾಬ.

ಈ ಸಲವೂ ದಾರ ಕತ್ತರಿಸುವವನು ಹೊಳಬಸಪ್ಪನೇ. ಅವನು ಎಳೆದು ನೋಡದೆ ಕತ್ತರಿಸಿದ. ಅಮಾತೆಪ್ಪ ಎದ್ದು ನಿಂತು ಓದಿದ. ಡಾಕ್ಟರ ಹೆಸರು ಬಂದಾಗ ಮುತ್ತಪ್ಪ ಸೈಕಲ್ ಗಂಟೆಯೊಂದನ್ನು ಹಿಡಿದು ಟ್ರಿಣ್ ಟ್ರಿಣ್ ಬಾರಿಸಿದ. "ಅಂತೂ ಗೆದ್ದ್ಯಲ್ಲೋ ಮಗನ! ಹಿಡಿ ತಟ್ಟಿ, ಹಿಡಿ!" ಬಿಸಿ ಭಜಿಯ ತಟ್ಟೆ ಅವನ ಮುಂದೆ ಬಂತು. ಇದಕ್ಕಾಗಿ ಎಷ್ಟು ದಿನ ಉರಿದಿದ್ದ. ಒಂದು ಮಿರ್ಚಿ ಕೈಗೆತ್ತಿಕೊಂಡ. ಮತ್ತೆ ತಟ್ಟೆಯಲ್ಲಿ ಇಟ್ಟ. ಅಹ್ಮದಸಾಬ ಎಲ್ಲರಂತೆ ನಕ್ಕು, ಕಾಗದದ ಗಂಟನ್ನು ಹೊಳಬಸಪ್ಪನ ಪಕ್ಕ ಇಟ್ಟು, ಬರ್ತೇನ್ರಿ ಎಂದು ಎದ್ದ. ಚಪ್ಪಲಿಯ ಕಡೆ ಕಾಲು ಚಾಚಿದ. ಆಗ ಹೊಳಬಸಪ್ಪ ತಟ್ಟೆಯನ್ನು ಸರಿಸಿದ್ದು ಎಷ್ಟು ಜೋರಾಗಿತ್ತೆಂದರೆ ಅರ್ಧ ಭಜಿ ನೆಲಕ್ಕೆ ಉರುಳಿತು.

"ಸಾಬ್ರು ಬಿಚ್ಚಿಲ್ಲ! ಆ ದಾರ ನಮ್ಮ ಮನ್ಯಾಗ ಬಿಚ್ಚಿದ್ದು. ನನ್ನ ಹೆಣ್ತಿ ಬಿಚ್ಚಿ ಓದ್ಯಾಳ."

ಅಮಾತೆಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ಕೋಟು ಅಲುಗುವಂತೆ ನಕ್ಕ. "ಶಿವಬಸವ್ವ? ಪುಸ್ತಕಾ? ಏ, ಗೆದ್ದಿದ್ದು ಇವನ ತಲಿಗೇರೇತಿ!"

"ನಗಬ್ಯಾಡ್ರಿ," ಎಂದ ಮುತ್ತಪ್ಪ, ಅವನ ಕಣ್ಣು ಒದ್ದೆಯಾಗಿತ್ತು. "ಸಾಬರ ಮನಸ ಸಮಾಧಾನ ಮಾಡಾಕ ತನ್ನ ಹೆಣ್ತಿ ಮ್ಯಾಲ ಹಾಕ್ಕೊಂಡ ನೋಡ್ರಿ. ಬಾಯಿ ಒರಟ, ಕರಳ ಮೆತ್ತಗ. ಮನಷ್ಯಾ ಅಂದ್ರ ಹಿಂಗಿರಬೇಕು."

"ನಾ ಖರೆ ಹೇಳಾಕತ್ತೇನಿ!" ಎಂದು ಹೊಳಬಸಪ್ಪ ಒದರಿದ. ಒದರಿದಷ್ಟೂ ಅವರ ಮುಖದ ಮೇಲಿನ ಮೆಚ್ಚುಗೆ ಹೆಚ್ಚಾಯಿತು. ಮುತ್ತಪ್ಪ ಅವನ ಹೆಗಲ ಮೇಲೆ ಕೈ ಇಟ್ಟ. ಆ ಕೈಯನ್ನು ಕೊಡವಿ ಅವನು ಬಾಗಿಲಿಗೆ ಬಂದ. ಅಹ್ಮದಸಾಬ ಚಪ್ಪಲಿ ಮೆಟ್ಟಿ ಮೆಟ್ಟಿಲ ಕೆಳಗೆ ನಿಂತಿದ್ದ. ಅವನೊಬ್ಬ ನಕ್ಕಿರಲಿಲ್ಲ, ಮೆಚ್ಚಿರಲೂ ಇಲ್ಲ.

"ಸಾಬ್ರ, ನೀವಾದ್ರೂ ನಂಬ್ರಿ. ಅದು ನಮ್ಮ ಮನ್ಯಾಗಿನ ಕೆಲಸ."

"ಗೊತ್ತೈತ್ರಿ," ಎಂದ ಅಹ್ಮದಸಾಬ ಮೆಲ್ಲಗೆ, ಒಳಗಿನವರಿಗೆ ಕೇಳದಂತೆ. "ಗಂಟಿಲ್ಲದ ಕೂಡಿಕಿ ನೋಡಿ ಅವತ್ತ ಗೊತ್ತಿತ್ತು. ಮನಿ ಹೆಣಮಗಳ ಹೆಸರ ನಾಕ ಮಂದ್ಯಾಗ ಹೆಂಗ ತಗಿಯೋದ್ರಿ? ಸುಮ್ಮನಾದೆ."

"ಮತ್ತ... ನಾ ಸಿಟ್ಟಿನ್ಯಾಗ ಅಂದೆ. ನನಗ ತಿಳಿಯೂಕಿಂತ ಮೊದಲ ಬಾಯಿ..."

"ಇಲ್ರಿ." ಅಹ್ಮದಸಾಬ ಈಗ ಅವನ ಬಲಗೈ ನೋಡಿದ, ಅವತ್ತು ನೋಡಿದ ಹಾಗೆ. "ಬಿಚ್ಚ್ಯಾರ ಅಂತ ಒದರಿದ್ರಿ. ಆಮ್ಯಾಲ ನಿಮ್ಮ ಬೆರಳಿಗೆ ಬೂದಿ ಹತ್ತಿತ್ತು. ನೀವು ಅದನ್ನ ನೋಡಿಕೊಂಡ್ರಿ. ನೋಡಿಕೊಂಡ ಮ್ಯಾಲ ನನ್ನ ಕಡೆ ತಿರಗಿದ್ರಿ."

ಅಷ್ಟು ಹೇಳಿ ಅವನು ಹೊರಟ. ಒಳಗಿನಿಂದ ಮುತ್ತಪ್ಪ ಕೂಗಿದ: "ಸಾಬ್ರ, ಮುಂದಿನ ಪುಸ್ತಕಾ ಮೊದಲ ನಿಮಗ ರೀ!" ಅಹ್ಮದಸಾಬ ತಿರುಗದೆ ಕೈ ಎತ್ತಿದ, ಹೂಂ ಎಂದೋ, ಬೇಡವೆಂದೋ. ಮಗ್ಗಗಳು ನಿಂತ ಓಣಿಯಲ್ಲಿ ಅವನ ಚಪ್ಪಲಿಯ ಸದ್ದು ಬಹಳ ದೂರದ ತನಕ ಕೇಳಿತು. ಮುಂದಿನ ಅಮಾವಾಸ್ಯೆಗೆ ಮುತ್ತಪ್ಪ ಸ್ಟೂಲಿನ ಮೇಲಿನ ಟ್ಯೂಬು ತೆಗೆದು, ಒರೆಸಿ, ಬಿಸಿಲು ಇಳಿಯುವ ತನಕ ಖಾಲಿ ಇಟ್ಟಿದ್ದ. ಆಮೇಲೆ ಅದರ ಮೇಲೆ ಮತ್ತೆ ಟ್ಯೂಬು ಬಂದು ಬಿದ್ದವು. ಅಹ್ಮದಸಾಬ ಆ ಮೆಟ್ಟಿಲು ಹತ್ತಲಿಲ್ಲ.